ಕಸ ಗುಡಿಸಿ, ಕಾಳು ಗುಡಿಸಬೇಡಿ

ಪೇಟೆ ಧಾರಣೆ ನೋಡೋಣ ಅಂತ ಫೋನ್‌ನಲ್ಲಿ ಪುಟ ತೆರೆಯುತ್ತೀರಿ. ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ಹಿಗ್ಗಿಸಿದರೆ ಅರ್ಧ ಪಟ್ಟಿ ಪರದೆಯಾಚೆ. ಆಗ ನಾವು ಬೈಯುವುದು ನೆಟ್‌ವರ್ಕನ್ನು, ಇಲ್ಲವೇ ಹಳೇ ಫೋನನ್ನು. ಎಷ್ಟೋ ಸಲ ತಪ್ಪು ಎರಡರದ್ದೂ ಅಲ್ಲ, ಪುಟ ಕಟ್ಟಿದ ರೀತಿಯದ್ದು.

ವೆಬ್ ಪುಟ ಅಂದರೆ ಎಚ್‌ಟಿಎಂಎಲ್ ಕಡತ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿಯ ಒಂದು ಮನೆ ಎಂದು ಹೇಳುವ ಗುರುತುಗಳೇ ಟ್ಯಾಗ್. ವರ್ಡ್‌ನಲ್ಲಿ ಟೈಪು ಮಾಡಿದ್ದನ್ನು ಹಾಗೇ ವೆಬ್ ಪುಟವಾಗಿ ಉಳಿಸಿದರೆ ಅಕ್ಷರಕ್ಕಿಂತ ಟ್ಯಾಗೇ ಹೆಚ್ಚಾಗಿಬಿಡಬಹುದು. ಆ ಕಸ ಇಳಿಸಿಕೊಳ್ಳಲು ಖರ್ಚಾಗುವುದು ನಿಮ್ಮ ಡೇಟಾ. ಟ್ಯಾಗ್ ಕೆಟ್ಟಿದ್ದರೂ ಬ್ರೌಸರ್ ಹೇಗೋ ಸರಿತೂಗಿಸಿ ತೋರಿಸುತ್ತದೆ. ಹಾಗಾಗಿ ಪುಟ ಹಾಕಿದವರಿಗೆ ತಪ್ಪು ಕಾಣುವುದೇ ಇಲ್ಲ.

ಸಾವಿರಾರು ಪುಟಗಳನ್ನು ಕೈಯಲ್ಲೇ ತಿದ್ದುತ್ತೇವೆ ಎನ್ನುವವರ ಮಾತು ನಾವು ಒಪ್ಪುವುದಿಲ್ಲ. ಆ ಕೆಲಸ ಎಂದೂ ಮುಗಿಯದು. ಅದನ್ನು ಕೋಡ್‌ಗೆ ಬಿಡಿ. 1990ರ ದಶಕದಲ್ಲೇ ಡೇವ್ ರಾಗೆಟ್ ಇದಕ್ಕೆಂದೇ ‘ಟೈಡಿ’ ಎಂಬ ತಂತ್ರಾಂಶ ಬರೆದರು. ಪೈಥಾನ್ ಬಲ್ಲವರಿಗೆ ‘ಬ್ಯೂಟಿಫುಲ್ ಸೂಪ್’ ಇದೆ. ಎರಡೂ ಪುಕ್ಕಟೆ. ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ.

ಆದರೆ ಕೋಡ್ ಓಡಿಸಿ ಕೈ ತೊಳೆದುಕೊಳ್ಳುವವರ ಜೊತೆ ನಮ್ಮ ಜಗಳ ಇನ್ನೂ ದೊಡ್ಡದು.

ಅಡಿಕೆ ಧಾರಣೆಯ ಪಟ್ಟಿ ಒಂದಿದೆ ಅಂದುಕೊಳ್ಳಿ: ಶಿವಮೊಗ್ಗ, ಸಾಗರ, ಶಿರಸಿ. ಸಾಗರದಲ್ಲಿ ಅವತ್ತು ವ್ಯಾಪಾರ ಇಲ್ಲ, ಆ ಮನೆ ಖಾಲಿ. ‘ಖಾಲಿ ಟ್ಯಾಗ್ ಎಲ್ಲ ಅಳಿಸು’ ಎಂದು ಕೋಡ್‌ಗೆ ಹೇಳಿದರೆ ಆ ಮನೆಯೂ ಹೋಗುತ್ತದೆ. ಶಿರಸಿಯ ಬೆಲೆ ಸರಿದು ಸಾಗರದ ಕೆಳಗೆ ಕೂರುತ್ತದೆ. ಪುಟ ನೋಡಲು ಬಹಳ ಅಚ್ಚುಕಟ್ಟು! ಅದನ್ನೇ ನಂಬಿ ಗಾಡಿಗೆ ಮೂಟೆ ಏರಿಸಿ ಸಾಗರಕ್ಕೆ ಹೊರಟ ರೈತನ ಬಾಡಿಗೆ ಕೊಡುವವರು ಯಾರು?

ಇನ್ನೊಂದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕಾಣದ್ದೆಲ್ಲ ಕಸ ಎಂದು ಕೋಡ್ ಅದನ್ನು ಅಳಿಸಿದರೆ ಉಳಿಯುವುದು ‘ರಾಜ್ಕುಮಾರ್’. ಇಂಗ್ಲಿಷ್ ಪುಟವನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಕೋಡ್‌ಗೆ ನಮ್ಮ ಒತ್ತಕ್ಷರದ ಕಷ್ಟ ಗೊತ್ತಾಗುವುದಿಲ್ಲ. ನಾವೂ ನಮ್ಮ ಹಳೇ ಬರಹಗಳ ಮೇಲೆ ಇಂಥದ್ದೇ ಕೋಡ್ ಓಡಿಸಿ ಪದಗಳನ್ನು ಅಂಟಿಸಿಕೊಂಡಿದ್ದೇವೆ. ಹಳೇ ಪ್ರತಿ ಇಟ್ಟುಕೊಂಡಿದ್ದರಿಂದ ಬಚಾವಾದೆವು.

ಹಾಗಾಗಿ ನಮ್ಮ ಪಟ್ಟು ಇಷ್ಟೇ. ಮೂಲ ಕಡತ ಅಳಿಸಬೇಡಿ. ಟ್ಯಾಗ್ ತೆಗೆದು, ತಿದ್ದುವ ಮೊದಲಿನ ಅಕ್ಷರವನ್ನೂ ಆಮೇಲಿನದನ್ನೂ ಹೋಲಿಸಿ. ಒಂದು ಗುರುತೂ ಬದಲಾಗಿರಬಾರದು. ಪಟ್ಟಿಯ ಪ್ರತಿ ಸಾಲಿನಲ್ಲಿ ಮನೆಗಳು ಮೊದಲಿನಷ್ಟೇ ಇವೆಯೇ ಎಣಿಸಿ. ಈ ಹೋಲಿಕೆ, ಎಣಿಕೆ ಎರಡನ್ನೂ ಕೋಡೇ ಮಾಡುತ್ತದೆ. ಕೊನೆಗೆ ಒಬ್ಬರು ಸಣ್ಣ ಫೋನ್‌ನಲ್ಲಿ ತೆರೆದು ಓದಲಿ.

ಮೊರ ಹಿಡಿದು ಕೇರುವವರಿಗೆ ಹೊಟ್ಟು ಯಾವುದು, ಕಾಳು ಯಾವುದು ಗೊತ್ತಿರುತ್ತದೆ. ಕೋಡ್‌ಗೆ ಅದನ್ನು ನಾವೇ ಹೇಳಿಕೊಡಬೇಕು. ನೀವೂ ಅಷ್ಟೇ: ಪುಟ ಕಲಸಿಹೋಗಿದ್ದರೆ ಇನ್ನು ಮುಂದೆ ನಿಮ್ಮ ಫೋನನ್ನು ಬೈಯಬೇಡಿ. ಸ್ಕ್ರೀನ್‌ಶಾಟ್ ತೆಗೆದು ಪುಟ ಹಾಕಿದವರಿಗೇ ಕಳಿಸಿ, ಕೇಳಿ.