ಹುಚ್ಚಿಗೂ ಟ್ಯೂಷನ್ ಯಾಕ್ರೀ?

ನನ್ನ ಮಗನಿಗೆ ಏಳು ವರ್ಷ. ಅವನಿಗೆ ಚಿಗರಿ ಬಸ್ಸಿನ ಹುಚ್ಚು. ನವನಗರ, ಭೈರಿದೇವರಕೊಪ್ಪ, ಉಣಕಲ್ ಅಂತ ನಿಲ್ದಾಣಗಳೆಲ್ಲ ಬಾಯಿಪಾಠ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಬಸ್ಸು, ತಾನಾಗೇ ತೆರೆಯುವ ಬಾಗಿಲು, ಒಳಗೆ ಚೀಲ ಅವಚಿಕೊಂಡು ಕೂತ ಅಜ್ಜಿ, ಎಲ್ಲಾ ತೆಗೀತಿದ್ದ.

"ಹುಡುಗನ ಕೈಯಾಗ ಕಲಾ ಐತ್ರಿ, ಕ್ಲಾಸಿಗೆ ಹಾಕ್ರಿ" ಅಂದರು ಅಕ್ಕಪಕ್ಕದವರು. ಹಾಕಿದೆ. ವಾರಕ್ಕೆ ಎರಡು ದಿನ, ಫೀ ಮುಂಗಡ. ಮೂರು ತಿಂಗಳಾದ ಮೇಲೆ ನೋಡಿದರೆ ಹಾಳೆಯ ತುಂಬ ಎರಡು ಗುಡ್ಡ, ನಡುವೆ ಸೂರ್ಯ, ಬಾಜೂಕ ಒಂದು ತೆಂಗಿನ ಗಿಡ.

"ಬಸ್ ಎಲ್ಲೋ?"

"ಸಿಲೆಬಸ್‌ನ್ಯಾಗ ಇಲ್ಲಪ್ಪಾ."

ಆ ಕ್ಲಾಸನ್ನು ಬೈದು ಏನು ಮಾಡಲಿ? ಫೀ ಕಟ್ಟಿದವನು ನಾನೇ. ನಮ್ಮ ತಲೆಮಾರಿನ ತಂದೆ-ತಾಯಿಯ ರೋಗ ಇದು. ಮಗು ಏನನ್ನೋ ಇಷ್ಟಪಟ್ಟದ್ದು ಕಂಡರೆ ಸಾಕು, ಅದಕ್ಕೊಂದು ಕ್ಲಾಸು, ಕ್ಲಾಸಿಗೊಂದು ಲೆವೆಲ್ಲು, ಲೆವೆಲ್ಲಿಗೊಂದು ಸರ್ಟಿಫಿಕೇಟು, ಸರ್ಟಿಫಿಕೇಟಿಗೊಂದು ವಾಟ್ಸಾಪ್ ಸ್ಟೇಟಸ್ಸು. ಇದಕ್ಕೆ ನಾವಿಟ್ಟ ಹೆಸರು, ಸೃಜನಶೀಲತೆ ಬೆಳೆಸೋದು!

ಅದೂ ಎಂಥಾ ಸೀಮೆಯಲ್ಲಿ? 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಬ್ಯಾಂಡಿನ ಮೆರವಣಿಗೆಯ ಬೆನ್ನುಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದರಂತೆ. ತಂದೆ ಗುರುರಾಜ ಜೋಶಿ ಸಾಲಿ ಮಾಸ್ತರರು. ಹುಡುಕಿ ಹುಡುಕಿ ಸಾಕಾಗಿ, ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆದರಂತೆ, ಸಿಕ್ಕವರು ಮನೆಗೆ ಮುಟ್ಟಿಸಲಿ ಅಂತ. ಅಲೆಯೋ ಹುಡುಗ ಅಲೆದ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಬಾಲ್ಯದಲ್ಲಿ ಗ್ರಾಮೋಫೋನ್ ಹಾಡು ಕೇಳಲು ಬೀದಿಗೆ ಓಡುತ್ತಿದ್ದರು. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿ ಕಡೆಗೆ ಅಂತ ತಿಳಿದಾಗ, ಅವಳ ದನಿಯಲ್ಲಿ ತನ್ನ ಶೈಲಿ ಬೆರೆಯಬಾರದೆಂದು ತಾನು ಹಾಡುವುದನ್ನೇ ಬಿಟ್ಟರು. ನಾವು ಮಗುವಿನ ಇಷ್ಟಕ್ಕೆ ದುಡ್ಡು ಬಿಡ್ತೀವಿ. ನಮ್ಮ ಇಷ್ಟ ಬಿಡ್ತೀವೇನು?

"ಹಂಗಾದ್ರ ಗುರು ಬ್ಯಾಡೇನ್ರಿ?" ಅಂತ ಕೇಳಬಹುದು. ಬೇಕೇ ಬೇಕು. ಗುರುವನ್ನು ಹುಡುಕಿಕೊಂಡೇ ಭೀಮಸೇನರು 1933ರಲ್ಲಿ ಮನೆ ಬಿಟ್ಟು ಹೋದರು. ಕೊನೆಗೆ ಜಲಂಧರದಲ್ಲಿ ಪತ್ತೆಹಚ್ಚಿ ತಂದೆ ಕರೆತಂದರು. 1936ರಲ್ಲಿ ಇಲ್ಲೇ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. ಮಕ್ಕಳು ಮನೆ ಬಿಟ್ಟು ಹೋಗಲಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಹುಚ್ಚು ಮೊದಲು ಬಂತು, ಗುರು ಆಮೇಲೆ ಬಂದರು. ನಾವು ಹಸಿವಾಗೋಕೆ ಮುಂಚೆನೇ ತುತ್ತು ತುರುಕುತ್ತೇವೆ.

"ಎಲ್ಲಾರೂ ಭೀಮಸೇನ ಆಗ್ತಾರೇನು?" ಇಲ್ಲ. ಆಗಬೇಕಾಗಿಯೂ ಇಲ್ಲ. ನನ್ನ ಮಗ ನಾಳೆ ಬ್ಯಾಂಕಿನ ಕ್ಲರ್ಕ್ ಆಗಬಹುದು. ಆದರೂ ಬಸ್ಸಿನ ಹುಚ್ಚು ಅವನದೇ. ಅದರಿಂದ ಏನೂ ಹುಟ್ಟದಿದ್ದರೂ ಅದು ದಂಡವಲ್ಲ. ಇದನ್ನು ಒಪ್ಪೋದೇ ನಮಗೆ ಕಷ್ಟ. ಖಾಲಿ ಕೂತ ಮಗುವನ್ನು ಕಂಡರೆ ನಮಗೆ ಸಂಬಳವಿಲ್ಲದ ತಿಂಗಳಿನಷ್ಟೇ ಗಾಬರಿ.

ಕ್ಲಾಸು ಬಿಡಿಸಿದೆ. ಈಗ ಭಾನುವಾರ ಇಬ್ಬರೂ ಚಿಗರಿ ಹತ್ತಿ ಧಾರವಾಡದ ತನಕ ಹೋಗಿ ಸುಮ್ಮನೆ ವಾಪಸ್ ಬರುತ್ತೇವೆ. ಕಿಟಕಿ ಅವನದು. ಆದರೂ ಹಾಳೆ ಕೊಟ್ಟರೆ ಇನ್ನೂ ಮೊದಲು ಎರಡು ಗುಡ್ಡಾನೇ ಬರುತ್ತವೆ.

ಕಾಯುತ್ತಿದ್ದೇನೆ.