ಶರೀರ ಅವರದು, ಶಾರೀರ ಇವರದು

ತ್ಯಾಗರಾಜನಗರದಲ್ಲಿ ಮನೆ ಮಾಡಿದವನು ಸಂಗೀತದ ವಿಷಯದಲ್ಲಿ ತನಗೆ ಯಾವ ಅಭಿಪ್ರಾಯವೂ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಬಡಾವಣೆಯ ಹೆಸರೇ ಹಾಗಿದೆ. ರಾಮನವಮಿ ಬಂದಿತೆಂದರೆ ಈ ಸುತ್ತಿನಲ್ಲಿ ಪಾನಕ ಕೋಸಂಬರಿಗಳಿಗಿಂತ ಮೊದಲು ಕಚೇರಿಗಳ ಮಾತು ಬರುತ್ತದೆ. ಇಂಥ ಕಡೆ ಇದ್ದುಕೊಂಡು ನಮ್ಮ ನೆರೆಮನೆಯ ಹಿರಿಯರು ಮಾತ್ರ ಬೆಳಗ್ಗೆ ಗಿಡಗಳಿಗೆ ನೀರು ಹಾಕುವಾಗ ಎಂದೂ ಕೀರ್ತನೆಯನ್ನು ಗುನುಗಿದವರಲ್ಲ. ಅವರದು ಸಿನಿಮಾ ಹಾಡು. ಅದರಲ್ಲಿಯೂ ಒಬ್ಬರೇ ಹಾಡುಗಾರರು: ಪಿ. ಬಿ. ಶ್ರೀನಿವಾಸ್.

ಈ ಹಿರಿಯರಿಗೆ ಎಪ್ಪತ್ತು ತುಂಬಿ, ಭೀಮರಥ ಶಾಂತಿ ನಿಶ್ಚಯವಾಯಿತು. ಬೆಳಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆ ನೆಂಟರಿಷ್ಟರ ಕೂಟ. ಸಂಜೆಗೆ ತಮಗೆ ಮೆಚ್ಚಿಕೆಯಾದ ಹತ್ತು ಹಾಡುಗಳನ್ನು ಬರೆದು ಕೊಟ್ಟರೆ ಮೊಬೈಲಿನಿಂದ ಹಾಕಿಸುವ ಹೊಣೆ ತನ್ನದೆಂದು ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳು ಒಪ್ಪಿಕೊಂಡಳು. ಹತ್ತು ಹಾಡು! ಅವರು ಮೂರು ದಿನ ಕುಳಿತು ನಲವತ್ತೆರಡನ್ನು ಬರೆದರು. ಇನ್ನೂ ಇಳಿಸಲಾರದೆ ಕಾಗದವನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಹಿಂದೆಯೇ ಮೊಮ್ಮಗಳೂ ಬಂದಳು. ಪಟ್ಟಿಯ ಮೇಲೆ ಕಣ್ಣಾಡಿಸಿ ಆಕೆ ಬಲು ಸಹಜವಾಗಿ ಹೇಳಿದಳು:

"ಇವೆಲ್ಲ ರಾಜಕುಮಾರರ ಹಾಡುಗಳಲ್ಲವೇ ತಾತ?"

ಹಿರಿಯರು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಕನ್ನಡಕದಲ್ಲಿ ಅಷ್ಟು ಧೂಳು ಇರಲಿಲ್ಲವೆಂದು ನನಗೆ ಗೊತ್ತು.

ಹುಡುಗಿಯ ತಪ್ಪೇನೂ ಇಲ್ಲ. ಹಿನ್ನೆಲೆ ಗಾಯಕನ ಹಣೆಬರಹವೇ ಅದು. ಅವನು ಚೆನ್ನಾಗಿ ಹಾಡಿದಷ್ಟೂ ಅವನು ಅಲ್ಲಿ ಇಲ್ಲವೆನಿಸಬೇಕು. ತೆರೆಯ ಮೇಲಿನ ತುಟಿಯೇ ಹಾಡುತ್ತಿದೆ ಎಂದು ನೋಡುವವರು ನಂಬಬೇಕು. ರಾಜಕುಮಾರರದು ಶರೀರ, ಶ್ರೀನಿವಾಸರದು ಶಾರೀರ ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಶರೀರದ ಚಿತ್ರಪಟ ಇಂದಿಗೂ ಆಟೋರಿಕ್ಷಾದ ಬೆನ್ನ ಮೇಲೆ ಇದೆ. ಶಾರೀರಕ್ಕೆ ಚಿತ್ರಪಟವೆಲ್ಲಿಯದು?

ಪ್ರತಿವಾದಿ ಭಯಂಕರ ಶ್ರೀನಿವಾಸ್ ಹುಟ್ಟಿದುದು 1930ರ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ಮನೆತನದ ಹೆಸರು ಕೇಳಿದರೆ ತರ್ಕಶಾಸ್ತ್ರದ ಪಂಡಿತರು ಎದ್ದು ಬಂದಂತೆ ತೋರುತ್ತದೆ. ದನಿ ಕೇಳಿದರೆ ಯಾರೊಡನೆಯೂ ವಾದಕ್ಕೆ ನಿಲ್ಲುವ ಮನುಷ್ಯನಲ್ಲವೆಂದು ತಿಳಿಯುತ್ತದೆ. ಬಿ.ಕಾಂ. ಓದಿದ ಮಗ ಸರಕಾರಿ ನೌಕರಿ ಹಿಡಿಯಲೆಂಬುದು ತಂದೆಯ ಆಸೆ. ಮಗ ಮದರಾಸಿಗೆ ಹೋಗಿ ವೈಣಿಕ ಈಮನಿ ಶಂಕರಶಾಸ್ತ್ರಿಗಳ ಆಶ್ರಯದಲ್ಲಿ ಜೆಮಿನಿ ಸ್ಟುಡಿಯೋವನ್ನು ಹೊಕ್ಕರು. 1952ರಲ್ಲಿ ಅವರು ಮೊದಲು ಹಾಡಿದ ಚಿತ್ರ ಹಿಂದಿಯ 'ಮಿಸ್ಟರ್ ಸಂಪತ್'. ಅದರ ಕಥೆ ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿಯದು. ಕನ್ನಡಕ್ಕೆ ಬರುವ ಮೊದಲೇ ಹೀಗೆ ಒಂದು ನಂಟು ಬೆಸೆದುಹೋಗಿತ್ತೆಂದು ಹಿರಿಯರ ವಾದ. ಅಭಿಮಾನಿಗಳಿಗೆ ಇಂಥ ನಂಟುಗಳು ಬೇಗ ಸಿಕ್ಕುತ್ತವೆ, ನಾನು ತಲೆಯಾಡಿಸಿದೆ.

ಪಟ್ಟಿಯ ಮೊದಲನೆಯ ಹಾಡಿಗೆ ಚರ್ಚೆಯೇ ಇರಲಿಲ್ಲ. 1960ರ 'ಭಕ್ತ ಕನಕದಾಸ' ಚಿತ್ರದ 'ಬಾಗಿಲನು ತೆರೆದು'. ಉಡುಪಿಯ ಗುಡಿಯ ಹೊರಗೆ ನಿಂತ ಕನಕದಾಸರ ಮೊರೆ. ಈ ಕೀರ್ತನೆಯನ್ನು ಎಷ್ಟೋ ಮಂದಿ ಹಾಡಿದ್ದಾರೆ. ಬಾಗಿಲನ್ನು ಗುದ್ದಿ ಒಡೆಯುವವರಂತೆ ಹಾಡುವವರೂ ಉಂಟು. ಶ್ರೀನಿವಾಸರು ಗುದ್ದುವುದಿಲ್ಲ. ಒಳಗಿರುವವನಿಗೆ ತನ್ನ ದನಿ ಕೇಳುತ್ತಿದೆ ಎಂಬ ಭರವಸೆಯುಳ್ಳವನು ಹೇಗೆ ಕರೆದಾನೋ ಹಾಗೆ ಕರೆಯುತ್ತಾರೆ. ಆ ಕಾಲದಲ್ಲಿ ಕಂಚಿನ ಕಂಠದ ಘಂಟಸಾಲರು ಇದ್ದರು; ಏರಿನಲ್ಲಿ ಅವರನ್ನು ಹಿಂದೆ ಹಾಕುವ ಹಟವನ್ನು ಶ್ರೀನಿವಾಸರು ತೊಡಲೇ ಇಲ್ಲ. ಮಂದ್ರದಲ್ಲಿ, ಮಾತಿನ ಮಗ್ಗುಲಲ್ಲಿಯೇ ರಾಗವನ್ನು ಇರಿಸಿದರು. ರಾಜಕುಮಾರರು ಮಾತು ನಿಲ್ಲಿಸಿ ಹಾಡಿಗೆ ತೊಡಗಿದಾಗ ನಡುವೆ ಬೆಸುಗೆ ಕಾಣದಿದ್ದುದು ಈ ಕಾರಣದಿಂದಲೇ.

ಎರಡನೆಯದು 1971ರ 'ಸಾಕ್ಷಾತ್ಕಾರ'ದ 'ಒಲವೇ ಜೀವನ ಸಾಕ್ಷಾತ್ಕಾರ'. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ಪದ್ಯ, ಎಂ. ರಂಗರಾಯರ ಸಂಗೀತ, ಜೊತೆಗೆ ಪಿ. ಸುಶೀಲಾ. ಇದರ ವಿಷಯದಲ್ಲಿ ಹೆಚ್ಚು ಹೇಳಲಾರೆ; ಬೆಂಗಳೂರಿನ ಅರ್ಧದಷ್ಟು ಮದುವೆಗಳಲ್ಲಿ ವಾದ್ಯಗೋಷ್ಠಿಯವರು ಇದನ್ನು ಹಾಡಿ ಹಾಡಿ ನನಗೆ ಸಾಕೆನಿಸಿದೆ. ಹಿರಿಯರಿಗೆ ಹಾಗಲ್ಲ. ಅವರ ಮದುವೆಯಲ್ಲಿಯೂ ಹಾಡಿದ್ದರಂತೆ.

1972ರ 'ಬಂಗಾರದ ಮನುಷ್ಯ'ದಿಂದ 'ಆಗದು ಎಂದು' ಬಂದಿತು. ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಅದನ್ನು ನೋಡಿದ ಪೇಟೆಯ ಹುಡುಗರು ಓದು ಬಿಟ್ಟು ಹಳ್ಳಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರೆಂಬ ಮಾತು ಇಂದಿಗೂ ಉಂಟು. ನಮ್ಮ ಹಿರಿಯರೂ ಹೊರಟಿದ್ದರು. ಹಳ್ಳಿಯಲ್ಲಿ ಜಮೀನಿಲ್ಲವೆಂಬ ಸಂಗತಿಯನ್ನು ಅವರ ತಾಯಿ ನೆನಪಿಸಬೇಕಾಯಿತು. ಹುರುಪಿನ ಹಾಡಿನಲ್ಲಿಯೂ ಶ್ರೀನಿವಾಸರು ಅರಚುವುದಿಲ್ಲವೆಂಬುದನ್ನು ಗಮನಿಸಬೇಕು. ಬಂಡೆ ಒಡೆಯುವವನಿಗೆ ಪಕ್ಕದಲ್ಲಿ ನಿಂತು ಧೈರ್ಯ ಹೇಳುವ ಅಣ್ಣನ ದನಿ ಅದು, ಭಾಷಣಕಾರನದಲ್ಲ.

ಅದೇ ವರ್ಷದ 'ನಾಗರಹಾವು' ಚಿತ್ರದ 'ಬಾರೇ ಬಾರೇ'ಗೆ ಬಂದಾಗ ಹಿರಿಯರ ಮನೆಯವರು ಕಾಫಿಯ ಲೋಟಗಳನ್ನು ತಂದಿಟ್ಟು, "ಎಪ್ಪತ್ತರ ಶಾಂತಿಗೆ ಆ ಹಾಡೇ?" ಎಂದರು. ಹಿರಿಯರು ನನ್ನ ಮುಖ ನೋಡಿದರು. ನಾನು ಹಾಡಿನ ಪಕ್ಷ ವಹಿಸಿದೆ. ತ. ರಾ. ಸು. ಅವರ ರಾಮಾಚಾರಿ ಸಿಡುಕ, ಹಟಮಾರಿ, ಮುಟ್ಟಿದರೆ ಬುಸುಗುಡುವ ಹುಡುಗ. ವಿಷ್ಣುವರ್ಧನರು ನಾಯಕರಾಗಿ ಹೆಸರು ಪಡೆದುದು ಆ ಪಾತ್ರದಿಂದ. ಚಿತ್ರದುರ್ಗದ ಕೋಟೆಯ ಕಲ್ಲುಗಳ ನಡುವೆ, ನಿಧಾನಗತಿಯ ಚಿತ್ರಣದಲ್ಲಿ, ಪುಟ್ಟಣ್ಣ ಕಣಗಾಲರು ಆ ಹುಡುಗನ ಮನಸ್ಸಿನೊಳಗೆ ಎಷ್ಟು ಮೆತುವಿತ್ತೆಂದು ತೋರಿಸಬೇಕಾಗಿತ್ತು. ಮುಖದಲ್ಲಿ ಅದನ್ನು ತೋರಿಸಿದರೆ ಹಟವೇ ಮಾಯವಾದೀತು. ಮೆತುವನ್ನು ಶ್ರೀನಿವಾಸರ ಕಂಠಕ್ಕೆ ವಹಿಸಿಬಿಟ್ಟರು. ಇಷ್ಟು ಹೇಳುವಷ್ಟರಲ್ಲಿ ಆಕೆ, "ನಿಮ್ಮಿಬ್ಬರಿಗೂ ಎಪ್ಪತ್ತಾದರೂ ಬುದ್ಧಿ ಹದಿನೇಳರದೇ" ಎಂದು ಒಳಗೆ ಹೋದರು. ಹಾಡು ಉಳಿಯಿತು.

ಪಟ್ಟಿಯಲ್ಲಿ ಐದನೆಯದನ್ನು ಮೊಮ್ಮಗಳೇ ಗುರುತಿಸಿದಳು: 'ನಾವಾಡುವ ನುಡಿಯೇ'. 1973ರ 'ಗಂಧದ ಗುಡಿ'ಯದು, ಚಿ. ಉದಯಶಂಕರರ ರಚನೆ, ರಾಜನ್-ನಾಗೇಂದ್ರರ ಸಂಗೀತ. ನವೆಂಬರ್ ಬಂತೆಂದರೆ ಬೀದಿಬೀದಿಗೂ ಧ್ವನಿವರ್ಧಕದಲ್ಲಿ ಕೇಳುವ ಹಾಡು.

"ಇದನ್ನು ಹಾಡಿದವರ ಮನೆಮಾತು ಯಾವುದು ಬಲ್ಲೆಯಾ?" ಎಂದರು ತಾತ.

"ಕನ್ನಡವಲ್ಲದೆ ಇನ್ನೇನು?"

"ತೆಲುಗು."

ಹುಡುಗಿ ನಂಬಲಿಲ್ಲ. ಕೂಡಲೇ ಮೊಬೈಲಿನಲ್ಲಿ ಹಾಡನ್ನು ಹಾಕಿ ಕಿವಿಯ ಬಳಿ ಹಿಡಿದಳು. ಹುಡುಕಲಿ ಎಂದು ನಾವು ಸುಮ್ಮನಿದ್ದೆವು. ಮಹಾಪ್ರಾಣಗಳು ಹಗುರವಾಗಿ ಬರುತ್ತವೆ, ಳಕಾರ ಎಲ್ಲಿಯೂ ಲಕಾರವಾಗುವುದಿಲ್ಲ. ಕನ್ನಡವನ್ನು ಕಲಿತವರಂತೆ ಹಾಡಿದ್ದರೆ ಒಂದು ಬಗೆಯ ಬಿಗಿ ಇರುತ್ತಿತ್ತು, ಅದೂ ಇಲ್ಲ. ಅವರಿಗೆ ಎಂಟು ಭಾಷೆಗಳು ಬರುತ್ತಿದ್ದವು. ಉರ್ದುವಿನಲ್ಲಿ ಗಜಲ್ ಬರೆಯುತ್ತಿದ್ದರು. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ತಲೆಗೆ ಟೋಪಿ, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳು, ಮುಂದೆ ಕಾಫಿ, ಹೀಗೆ ಕುಳಿತು ಬರೆಯುತ್ತಿದ್ದುದನ್ನು ಅಲ್ಲಿಗೆ ಹೋದವರೆಲ್ಲ ಕಂಡಿದ್ದಾರೆ. ಭಾಷೆಯ ಮೇಲೆ ಪ್ರೀತಿಯಿಲ್ಲದವನು ಬೇರೆಯವರ ಭಾಷೆಯನ್ನು ಹಾಗೆ ನುಡಿಯಲಾರ.

"ನನಗಿಂತ ಸ್ಪಷ್ಟವಾಗಿದೆ" ಎಂದು ಹುಡುಗಿ ಒಪ್ಪಿದಳು. ಅದು ನಿಜವೆಂದು ತಾತ ಕೊಂಚ ಜೋರಾಗಿಯೇ ಹೇಳಿದರು.

ಮುಂದಿನದನ್ನು ಬೇಗ ಮುಗಿಸುತ್ತೇನೆ. 'ಶರಪಂಜರ'ದ ಕೊಡಗಿನ ಕಾವೇರಿ, 'ಕುಲಗೌರವ'ದ ಒಲವಿನ ಪ್ರಿಯಲತೆ, 'ಬಂಗಾರದ ಮನುಷ್ಯ'ದ ಮೈಸೂರು ಮಲ್ಲಿಗೆ: ಇವುಗಳಿಗೆ ವಿರೋಧ ಬರಲಿಲ್ಲ. ಒಂಬತ್ತನೆಯದರಲ್ಲಿ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ಮೌನವಾದೆವು. 1974ರ 'ಎರಡು ಕನಸು' ಚಿತ್ರದ 'ಬಾಡಿ ಹೋದ ಬಳ್ಳಿಯಿಂದ'. ವಾಣಿಯವರ ಕಾದಂಬರಿ, ಒಲಿದವಳನ್ನು ಕಳೆದುಕೊಂಡು ಮನೆಯ ಒತ್ತಾಯಕ್ಕೆ ಇನ್ನೊಬ್ಬಳನ್ನು ಮದುವೆಯಾದವನ ಸಂಕಟ. ದುಃಖವನ್ನು ಅತ್ತು ತೋರಿಸುವುದು ಸುಲಭ. ಇಲ್ಲಿ ಅಳುವಿಲ್ಲ. ಉಸಿರು ಕೊಂಚ ಮೊದಲೇ ಮುಗಿಯುತ್ತದೆ, ಅಷ್ಟೇ.

ಅದೇ 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದಿತು. ಎಮ್ಮೆಯ ಬೆನ್ನೇರಿ ರಾಜಕುಮಾರರು ತಮ್ಮ ಕಂಠದಿಂದಲೇ 'ಯಾರೇ ಕೂಗಾಡಲಿ' ಎಂದು ಹಾಡಿದರು. ನಾಡಿಗೆ ನಾಡೇ ಕುಣಿಯಿತು. ಗುಬ್ಬಿ ಕಂಪೆನಿಯ ರಂಗದ ಮೇಲೆ ಪಳಗಿದ ಕಂಠವದು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಅವರು ಹಾಡಿದುದು ನ್ಯಾಯವೇ. ಆದರೆ ಶರೀರಕ್ಕೆ ತನ್ನದೇ ಶಾರೀರ ದೊರೆತ ಮೇಲೆ ಇನ್ನೊಂದಕ್ಕೆ ಕೆಲಸವೇನು? ನಲವತ್ತನಾಲ್ಕರ ವಯಸ್ಸಿನಲ್ಲಿ, ಕಂಠ ಚೆನ್ನಾಗಿರುವಾಗಲೇ, ಶ್ರೀನಿವಾಸರ ಕನ್ನಡದ ಹಾಡುಗಳು ವಿರಳವಾಗುತ್ತ ಬಂದವು. ಇಬ್ಬರ ಸ್ನೇಹ ಮಾತ್ರ ಕೆಡಲಿಲ್ಲ. ರಾಜಕುಮಾರರು ತೀರಿಕೊಂಡುದು 2006ರ ಏಪ್ರಿಲ್ 12ರಂದು; ಶ್ರೀನಿವಾಸರು ಏಳು ವರ್ಷಗಳ ಮೇಲೆ, 2013ರ ಏಪ್ರಿಲ್ 14ರಂದು, ಮದರಾಸಿನಲ್ಲಿ.

"ಆ ದಿನ ನಾನು ಮಧ್ಯಾಹ್ನ ಊಟ ಮಾಡಲಿಲ್ಲ" ಎಂದರು ಹಿರಿಯರು. "ಏಕೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸಿನಿಮಾ ಹಾಡಿನವರಿಗಾಗಿಯೇ ಎಂದು ನಕ್ಕಾರು ಎಂಬ ಅಂಜಿಕೆ."

ಹತ್ತನೆಯದು 'ಕಸ್ತೂರಿ ನಿವಾಸ'ದ್ದು. 1971ರ ಆ ಚಿತ್ರವನ್ನು 2014ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದಾಗ ಹಿರಿಯರು ಎರಡು ಸಲ ನೋಡಿ ಬಂದಿದ್ದರು. ಉರುಳಿಸಿದರೂ ಎದ್ದು ನಿಲ್ಲುವ ಗೊಂಬೆಯ ಮೇಲಿನ ಹಾಡು 'ಆಡಿಸಿ ನೋಡು'. ಕಡೆಯಲ್ಲಿ ಅದೇ ಧಾಟಿ ಶೋಕವಾಗಿ 'ಆಡಿಸಿದಾತ' ಎಂದು ತಿರುಗಿ ಬರುತ್ತದೆ. ಹಿರಿಯರು ಆರಿಸಿದುದು ಶೋಕದ್ದನ್ನು. "ಶ್ರೀನಿವಾಸರಲ್ಲದೆ ಇನ್ನಾರೂ ಇದನ್ನು ಹೀಗೆ ಹಾಡಲಾರರು" ಎಂದು ಹೇಳಿ ಪಟ್ಟಿಯ ಕೆಳಗೆ ಗೆರೆ ಎಳೆದರು.

ಮೊಮ್ಮಗಳು ಸಂಜೆಯ ಕೂಟಕ್ಕಾಗಿ ಒಂದು ಹಾಳೆಯಲ್ಲಿ ಹಾಡಿನ ಮುಂದೆ ಹಾಡಿದವರ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆಯತೊಡಗಿದ್ದಳು. ಮೊದಲಿನ ಮಾತಿಗೆ ಪ್ರಾಯಶ್ಚಿತ್ತವೆಂದು ತೋರುತ್ತದೆ. ಹತ್ತನೆಯದಕ್ಕೆ ಬಂದು ನಿಂತಳು. ಮೊಬೈಲನ್ನು ಮತ್ತೊಮ್ಮೆ ನೋಡಿದಳು.

"ತಾತ, ಇದನ್ನು ಹಾಡಿದವರು ಶ್ರೀನಿವಾಸರಲ್ಲ. ಜಿ. ಕೆ. ವೆಂಕಟೇಶ್ ಎಂದಿದೆ."

ಹಿರಿಯರು ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಲೇಬೇಕಾಯಿತು. ಚಿತ್ರಕ್ಕೆ ಸಂಗೀತ ಕೊಟ್ಟ ವೆಂಕಟೇಶರೇ ಆ ಶೋಕಗೀತವನ್ನು ಹಾಡಿದ್ದರು. ಐವತ್ತು ವರ್ಷ ಕೇಳಿದ ಕಿವಿ! ಅವರು ಮತ್ತೆ ಕನ್ನಡಕವನ್ನು ತೆಗೆದರು. ಈ ಸಲ ಒರೆಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನಗತೊಡಗಿದರು.

"ಹೊಡೆದುಹಾಕಿ ಬೇರೆ ಬರೆಯಲೇ ತಾತ?"

"ಬೇಡ, ಬೇಡ. ಅದು ಇರಲಿ. ವೆಂಕಟೇಶರ ಹೆಸರನ್ನೇ ಬರೆ. ದೊಡ್ಡದಾಗಿ ಬರೆ."