ಎರಡು ಸಲ ಬರೆದ ಒಂದು ಪಂದ್ಯ

1910ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಕಿರೀಟ ಗೆದ್ದವನು ಡೆಟ್ರಾಯಿಟ್ ತಂಡದ ಟೈ ಕಾಬ್ ಎಂದು ಬೇಸ್‌ಬಾಲಿನ ಅಧಿಕೃತ ದಾಖಲೆ ಇಂದಿಗೂ ಹೇಳುತ್ತದೆ. ಆ ದಾಖಲೆಯನ್ನು ತಿದ್ದಬೇಕಿತ್ತೆಂಬುದು ನಮ್ಮ ಅಭಿಪ್ರಾಯ. ಎದುರಾಳಿ ನ್ಯಾಪ್ ಲಾಜ್ವೇಯ ಮೇಲಿನ ಮರುಕದಿಂದ ಈ ಮಾತು ಹೇಳುತ್ತಿಲ್ಲ. ಅವನ ಗಳಿಕೆಯೂ ಶುದ್ಧವಾಗಿರಲಿಲ್ಲ.

ಕ್ರಿಕೆಟ್ಟಿನಲ್ಲಿ ಬೆಳೆದ ನಾವು ‘ಸರಾಸರಿ’ ಎಂಬ ಮಾತಿನಲ್ಲೇ ಎಡವುತ್ತೇವೆ. ಬೇಸ್‌ಬಾಲಿನಲ್ಲಿ ಓಟಗಳು ಈ ಲೆಕ್ಕಕ್ಕೆ ಬರುವುದಿಲ್ಲ. ತನ್ನ ಹೊಡೆತದ ಬಲದಿಂದ ಬೇಸ್ ತಲುಪಿದರೆ ಅದೊಂದು ಹಿಟ್. ಹಿಟ್‌ಗಳನ್ನು ಲೆಕ್ಕಕ್ಕೆ ಸೇರುವ ಸರದಿಗಳಿಂದ ಭಾಗಿಸಿದರೆ ಸರಾಸರಿ. ಋತುವಿನ ಕೊನೆಗೆ ಸರದಿಗಳು ಐನೂರು ದಾಟಿರುತ್ತವೆಯಾದ್ದರಿಂದ ಒಂದು ಹಿಟ್ ಸರಾಸರಿಯನ್ನು ಸಾವಿರದಲ್ಲಿ ಒಂದು ಅಂಶದಷ್ಟು ಮಾತ್ರ ಏರಿಸೀತು. ಆಡದೆ ಕುಳಿತವನ ಸರಾಸರಿಯಾದರೋ ಇದ್ದಲ್ಲೇ ಇರುತ್ತದೆ.

ಕಾಬ್ ಮಾಡಿದ್ದು ಅದನ್ನೇ. ಅತಿ ಹೆಚ್ಚಿನ ಸರಾಸರಿಯವನಿಗೆ ತನ್ನ ಕಾರೊಂದನ್ನು ಕೊಡುವುದಾಗಿ ತಯಾರಕ ಹ್ಯೂ ಚಾಮರ್ಸ್ ಘೋಷಿಸಿದ್ದ. ಗೆದ್ದೆನೆಂದೇ ಎಣಿಸಿ ಕಾಬ್ ಕೊನೆಯ ಎರಡು ಪಂದ್ಯಗಳಲ್ಲಿ ಆಡಲಿಲ್ಲ. (1941ರ ಕೊನೆಯ ದಿನ, ಸುಮ್ಮನೆ ಕುಳಿತಿದ್ದರೂ ಸರಾಸರಿ 400ಕ್ಕೆ ಸಲ್ಲುತ್ತಿದ್ದ ಟೆಡ್ ವಿಲಿಯಮ್ಸ್ ಎರಡೂ ಪಂದ್ಯ ಆಡಿ 406ಕ್ಕೆ ಏರಿದ್ದು ಇಲ್ಲಿ ನೆನಪಾಗದಿರದು.) ಅತ್ತ ಅಕ್ಟೋಬರ್ 9ರಂದು ಸೇಂಟ್ ಲೂಯಿಯಲ್ಲಿ ಕ್ಲೀವ್‌ಲ್ಯಾಂಡಿನ ಲಾಜ್ವೇಗೆ ಒಂದೇ ದಿನ ಎರಡು ಪಂದ್ಯ. ಕಾಬ್‌ನನ್ನು ಕಂಡರಾಗದ ಆತಿಥೇಯ ತಂಡದ ವ್ಯವಸ್ಥಾಪಕ ಜ್ಯಾಕ್ ಒಕಾನರ್, ಮೂರನೆಯ ಬೇಸ್ ಕಾಯುವ ಹೊಸ ಹುಡುಗ ರೆಡ್ ಕಾರಿಡನ್‌ನನ್ನು ಬಹುದೂರ ಹಿಂದಕ್ಕೆ ನಿಲ್ಲಿಸಿದ. ಲಾಜ್ವೇ ಬ್ಯಾಟು ಬೀಸದೆ, ಚೆಂಡಿಗೆ ಮೆಲ್ಲನೆ ತಾಕಿಸಿ, ಆ ತೆರವಿಗೇ ಮತ್ತೆ ಮತ್ತೆ ಉರುಳಿಸಿದ. ಸಂಜೆಗೆ ಎಂಟು ಹಿಟ್‌ಗಳು! ಸಾಲದೆಂಬಂತೆ ತರಬೇತುದಾರ ಹ್ಯಾರಿ ಹೋವೆಲ್, ಇನ್ನೊಂದನ್ನೂ ಹಿಟ್ ಎಂದು ಬರೆಸಲು ಅಂಕಲೇಖಕರಿಗೆ ಹೊಸ ಸೂಟಿನ ಆಮಿಷವನ್ನೂ ಒಡ್ಡಿಸಿದ, ಅದು ಫಲಿಸಲಿಲ್ಲ.

ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್ ವಿಚಾರಣೆ ನಡೆಸಿದ. ಒಕಾನರ್, ಹೋವೆಲ್ ಇಬ್ಬರೂ ಕೆಲಸ ಕಳೆದುಕೊಂಡರು. ಹಿಟ್‌ಗಳು ಮಾತ್ರ ಉಳಿದವು. ಕಾಬ್‌ಗೆ 385, ಲಾಜ್ವೇಗೆ 384 ಎಂದು ತೀರ್ಪಾಯಿತು. ಚಾಮರ್ಸ್ ಜಾಣ; ಇಬ್ಬರಿಗೂ ಕಾರು ಕೊಟ್ಟ.

1981ರಲ್ಲಿ ‘ದ ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ಹೊಸ ಸಂಗತಿಯೊಂದನ್ನು ಹೊರಗೆಡವಿತು. ಕಾಬ್ ಮೂರು ಸರದಿಗಳಲ್ಲಿ ಎರಡು ಹಿಟ್ ಗಳಿಸಿದ್ದ ಪಂದ್ಯವೊಂದು ಲೆಕ್ಕದಲ್ಲಿ ಎರಡು ಸಲ ಸೇರಿಕೊಂಡಿತ್ತು. ಅದನ್ನು ತೆಗೆದರೆ ಮುಂದಿರುವವನು ಲಾಜ್ವೇ. ಆಯುಕ್ತ ಬೋವಿ ಕೂನ್ ದಾಖಲೆ ಬದಲಿಸಲು ಒಪ್ಪಲಿಲ್ಲ.

ಲಾಜ್ವೇಯ ಹಿಟ್‌ಗಳು ದಾನವಾಗಿ ಬಂದವಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅವನ್ನು ತಳ್ಳಿಹಾಕುವ ಅಧಿಕಾರವಿದ್ದವನು ವಿಚಾರಣೆ ಮಾಡಿಯೂ ಲೆಕ್ಕದಲ್ಲಿ ಉಳಿಸಿದ. ಅದು ಇತ್ಯರ್ಥವಾದ ವಿಷಯ. ಅದನ್ನು ಮುಂದೊಡ್ಡಿ ಇನ್ನೊಬ್ಬನ ದುಬಾರಿ ನಮೂದನ್ನು ಕಾಪಾಡುವುದು ಸಲ್ಲದು. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಇದು ಚೆನ್ನಾಗಿ ಗೊತ್ತು: ಒಂದೇ ಬಿಲ್ಲಿಗೆ ಎರಡು ಸಲ ಹಣ ಪಾವತಿಯಾಗಿದ್ದರೆ, ಪಡೆದವರು ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ವರ್ಷ ಕಳೆದಿರಲಿ, ಲೆಕ್ಕಪರಿಶೋಧಕರು ಆಕ್ಷೇಪ ಬರೆಯದೆ ಬಿಡುವುದಿಲ್ಲ. ಕಿರೀಟವನ್ನು ಯಾರಿಗೆ ಬೇಕಾದರೂ ತೊಡಿಸುವ ಅಧಿಕಾರ ಆಯುಕ್ತನಿಗಿರಬಹುದು. ಭಾಗಾಕಾರದ ಉತ್ತರವನ್ನು ಆಜ್ಞೆಯಿಂದ ನಿಲ್ಲಿಸಲಾಗದು.

ಇಷ್ಟೆಲ್ಲ ಆದಮೇಲೆ ಚಾಮರ್ಸ್ ಸರಾಸರಿಯ ಗೊಡವೆಯನ್ನೇ ಬಿಟ್ಟ. ಮರುವರ್ಷದಿಂದ ತಂಡಕ್ಕೆ ಅತ್ಯಂತ ಉಪಯುಕ್ತನಾದ ಆಟಗಾರನನ್ನು ಕ್ರೀಡಾ ಬರಹಗಾರರು ಮತದಿಂದ ಆರಿಸುವಂತಾಯಿತು. 1911ರಲ್ಲಿ ಅಮೆರಿಕನ್ ಲೀಗಿನ ಆ ಕಾರು ದೊರೆತದ್ದು ಮತ್ತೆ ಕಾಬ್‌ಗೇ.